ಶ್ಯಾನುಭೋಗರ ಲೆಕ್ಕದ ಪುಸ್ತಕ ಮತ್ತು ಚರಿತ್ರೆಯ ಕಾದಂಬರಿ

ಐತಿಹಾಸಿಕ ಕಾದಂಬರಿ ಎಂದೊಡನೆ ಕನ್ನಡ ವಾಚಕರ ಕಣ್ಣಮುಂದೆ ನಿಲ್ಲುವುದು ಕೋಟೆ, ಬತೇರಿ, ಪಟ್ಟಾಭಿಷೇಕ, ಒಳಸಂಚು, ಯುದ್ಧ. ಗಳಗನಾಥರ ಕಾಲದಿಂದ ಈ ಪ್ರಕಾರವು ಬಹುಮಟ್ಟಿಗೆ ಅರಮನೆಯ ಅಂಗಳದಲ್ಲಿಯೇ ಬೆಳೆದು ಬಂದಿತು. ಅಲ್ಲಿ ಅಧಿಕಾರವೆಂದರೆ ಅರಸನ ವ್ಯಕ್ತಿತ್ವ. ಅವನು ಸಚ್ಚರಿತನಾದರೆ ನಾಡು ಸುಭಿಕ್ಷ. ವಿಷಯಲಂಪಟನಾದರೆ ನಾಡು ಪರರ ಪಾಲು. ಕೋಟೆಗೆ ಕಲ್ಲು ಹೊತ್ತವರು ಯಾರು, ಅವರ ಹೊಟ್ಟೆಗೆ ರಾಗಿ ಎಲ್ಲಿಂದ ಬಂದಿತು, ದಂಡಿನ ವೆಚ್ಚಕ್ಕಾಗಿ ಯಾವ ಒಕ್ಕಲಿನ ಕಣ ಬರಿದಾಯಿತು ಎಂಬ ಪ್ರಶ್ನೆಗಳು ಇಂಥ ಕೃತಿಗಳ ಅಂಚಿನಲ್ಲಿ ಒಮ್ಮೆ ಸುಳಿದು ಮರೆಯಾಗುತ್ತವೆ. ಆ ಪ್ರಶ್ನೆಗಳನ್ನು ಕೇಳದೆ ಬಿಡುವುದೂ ಒಂದು ರಾಜಕೀಯ ನಿಲುವೇ ಸರಿ. ಆದರೆ ಹಾಗೆ ಬಿಟ್ಟವರಿಗೆ ಅದು ನಿಲುವೆಂದು ತೋರುವುದಿಲ್ಲ. ಕಥೆ ಹಾಗೆಯೇ ಇತ್ತೆಂದು ತೋರುತ್ತದೆ.

ಒಂದೇ ನಾಡಿನ ಒಂದೇ ದಶಕವನ್ನು ಇಬ್ಬರು ದೊಡ್ಡ ಲೇಖಕರು ಕಂಡ ಬಗೆಯಲ್ಲಿ ಇದು ಸ್ಪಷ್ಟವಾಗಿ ಕಾಣಿಸುತ್ತದೆ. 1834ರಲ್ಲಿ ಕೊಡಗು ಬ್ರಿಟಿಷರ ವಶವಾಯಿತು. ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು 1956ರಲ್ಲಿ ಪ್ರಕಟಿಸಿದ, ಮುಂದೆ 1983ರ ಜ್ಞಾನಪೀಠ ಪ್ರಶಸ್ತಿಯ ಸಂದರ್ಭದಲ್ಲಿ ನಾಡಿನಾದ್ಯಂತ ಮತ್ತೆ ಓದಲ್ಪಟ್ಟ ‘ಚಿಕವೀರ ರಾಜೇಂದ್ರ’ದಲ್ಲಿ ಈ ಪತನಕ್ಕೆ ಮೂಲ ಅರಸನ ದುರಾಚಾರ, ಕುಂಟ ಬಸವನ ದುರ್ಬೋಧೆ, ಮಂತ್ರಿಗಳ ಮುರಿದ ನಂಬಿಕೆ. ಮಾಸ್ತಿಯವರು ಮೈಸೂರು ಸಂಸ್ಥಾನದ ಸಿವಿಲ್ ಸರ್ವಿಸಿನಲ್ಲಿ ದೀರ್ಘಕಾಲ ಅಧಿಕಾರಿಯಾಗಿದ್ದು 1943ರಲ್ಲಿ ಹೊರಬಂದವರು. ಆಡಳಿತವು ಒಳ್ಳೆಯವರ ಕೈಯಲ್ಲಿದ್ದರೆ ಪ್ರಜೆ ನೆಮ್ಮದಿಯಿಂದಿರುತ್ತಾನೆ ಎಂಬ ವಿಶ್ವಾಸ ಆ ಗ್ರಂಥದ ಉಸಿರು. ಅದೇ ಸೀಮೆಯ ಅದೇ ಕಾಲವನ್ನು ನಿರಂಜನರು ‘ಸ್ವಾಮಿ ಅಪರಂಪಾರ’ ಮತ್ತು ‘ಕಲ್ಯಾಣಸ್ವಾಮಿ’ ಕಾದಂಬರಿಗಳಲ್ಲಿ ಎತ್ತಿಕೊಂಡಾಗ ಅರಸನು ಹಿಂದೆ ಸರಿದು ರೈತನು ಮುಂದೆ ಬಂದನು. ಕೊಡಗಿನ ಅರಸರು ಕಂದಾಯವನ್ನು ಧಾನ್ಯರೂಪದಲ್ಲಿ ಸ್ವೀಕರಿಸುತ್ತಿದ್ದರು. ಕಂಪನಿ ಸರ್ಕಾರವು ಅಮರಸುಳ್ಯ ಮತ್ತು ಪುತ್ತೂರಿನ ಭಾಗಗಳನ್ನು ದಕ್ಷಿಣ ಕನ್ನಡಕ್ಕೆ ಸೇರಿಸಿ ನಗದನ್ನು ಕೇಳಿತು. 1837ರ ದಂಗೆಯ ಬೆನ್ನಿಗಿದ್ದ ಕಾರಣಗಳಲ್ಲಿ ಇದು ಮುಖ್ಯವಾದುದು. ಬೆಳೆದ ಭತ್ತವನ್ನು ಕೊಡಬಲ್ಲ ರೈತನಿಗೆ ರೂಪಾಯಿ ಕೊಡಲು ಸಾಲಗಾರನ ಮನೆಯ ಮೆಟ್ಟಿಲು ಹತ್ತಬೇಕಾಯಿತು. ಒಬ್ಬ ಲೇಖಕನ ದೃಷ್ಟಿಯಲ್ಲಿ ರಾಜ್ಯವು ಅಂತಃಪುರದಲ್ಲಿ ಕಳೆದುಹೋಯಿತು. ಇನ್ನೊಬ್ಬನ ದೃಷ್ಟಿಯಲ್ಲಿ ಕಂದಾಯದ ಕಂತಿನಲ್ಲಿ. ಇಬ್ಬರೂ ದಾಖಲೆಗಳನ್ನು ಓದಿದವರೇ. ಯಾವ ಹೊಸ್ತಿಲಲ್ಲಿ ನಿಂತು ಓದಿದರು ಎಂಬುದರಲ್ಲಿ ವ್ಯತ್ಯಾಸವಿದೆ.

ಇದು ಈ ಶತಮಾನಗಳ ಗುಣವೇ ಅಲ್ಲ. ಕಲ್ಯಾಣದ ಬಿಜ್ಜಳನ ಕಥೆಯನ್ನು ವೀರಶೈವ ಪುರಾಣಗಳು ಒಂದು ರೀತಿ ಹೇಳಿದವು. ಹದಿನೇಳನೆಯ ಶತಮಾನದಲ್ಲಿ ಜೈನಕವಿ ಧರಣಿಪಂಡಿತನ ‘ಬಿಜ್ಜಳರಾಯಚರಿತೆ’ ಇನ್ನೊಂದು ರೀತಿ ಹೇಳಿತು. ಇಪ್ಪತ್ತನೆಯ ಶತಮಾನದ ನಾಟಕಕಾರರು, ಅಂದರೆ ‘ಸಂಕ್ರಾಂತಿ’ಯ ಲಂಕೇಶ್, ‘ಮಹಾಚೈತ್ರ’ದ ಎಚ್.ಎಸ್. ಶಿವಪ್ರಕಾಶ್, ‘ತಲೆದಂಡ’ದ ಗಿರೀಶ ಕಾರ್ನಾಡರು, ಅದೇ ಕಥೆಯಲ್ಲಿ ಮತಗಳ ಜಗಳವನ್ನು ಹಿನ್ನೆಲೆಗೆ ಸರಿಸಿ ಜಾತಿ, ದುಡಿಮೆ, ಭಂಡಾರದ ಹಣಗಳ ಪ್ರಶ್ನೆಯನ್ನು ಮುಂದಿಟ್ಟರು. ಬಿಜ್ಜಳನು ಮಾತ್ರ ಪ್ರತಿಯೊಂದು ತಲೆಮಾರಿಗೂ ಬೇಕಾದ ಉಡುಪನ್ನು ತೊಟ್ಟುಕೊಂಡು ರಂಗಕ್ಕೆ ಬರುತ್ತಲೇ ಇದ್ದಾನೆ.

ತ.ರಾ.ಸು. ಅವರ ಚಿತ್ರದುರ್ಗದ ಕಾದಂಬರಿಗಳ ಮಾತು ಸ್ವಲ್ಪ ಬೇರೆ. ‘ಕಂಬನಿಯ ಕುಯಿಲು’, ‘ರಕ್ತರಾತ್ರಿ’, ‘ತಿರುಗುಬಾಣ’ಗಳಲ್ಲಿ ದಳವಾಯಿ ಮುದ್ದಣ್ಣನ ಅಧಿಕಾರದಾಹವಿದೆ, 1779ರಲ್ಲಿ ಹೈದರಾಲಿಯ ಕೈಗೆ ಸಿಕ್ಕಿದ ದುರ್ಗದ ಕೊನೆಯನ್ನು ಹೇಳುವ ‘ದುರ್ಗಾಸ್ತಮಾನ’ದಲ್ಲಿ ಪಾಳೆಯಗಾರನೊಬ್ಬನ ವೈಭವವೂ ದುರಂತವೂ ಇವೆ. ಬೇಡ ಕುಲದ ಅರಸನೊಬ್ಬನನ್ನು ಮಹಾಕಾವ್ಯದ ನಾಯಕನ ಎತ್ತರಕ್ಕೆ ಏರಿಸಿದ್ದು ಸಣ್ಣ ಕೆಲಸವಲ್ಲ. ಆದರೂ ಓದಿ ಮುಗಿಸಿದವರಿಗೆ ದುರ್ಗದ ಬಾಗಿಲುಗಳೆಷ್ಟೆಂಬುದು ತಿಳಿದಿರುತ್ತದೆ, ದುರ್ಗದ ಸೀಮೆಯ ರೈತನು ಎಷ್ಟು ಕೊಟ್ಟನೆಂಬುದು ತಿಳಿದಿರುವುದಿಲ್ಲ.

ಪಾಳೆಯಗಾರರು ಆಳಿದ ನಾಡೇ ಚಿತ್ರದುರ್ಗದ ದಕ್ಷಿಣಕ್ಕಿರುವ ತೆಂಗಿನ ಸೀಮೆ ಕೂಡ. ಚಿಕ್ಕನಾಯಕನಹಳ್ಳಿಗೆ ಆ ಹೆಸರು ಬಂದದ್ದು ಹಾಗಲವಾಡಿಯ ಪಾಳೆಯಗಾರ ಚಿಕ್ಕನಾಯಕನಿಂದ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಕೆರೆಗಳು, ಕೆರೆಯ ಹಿಂದಣ ತೋಟಗಳು, ಅರಳಗುಪ್ಪೆಯ ಗುಡಿಗಳು ಹಲವು ಅರಸುಮನೆತನಗಳನ್ನು ಕಂಡಿವೆ. ಪಾಳೆಯಗಾರರು ಹೋದರು, ಕಮಿಷನರುಗಳು ಬಂದು ಹೋದರು, ಮೈಸೂರಿನ ಒಡೆಯರ ಆಳ್ವಿಕೆ ಮರಳಿತು. ಇಷ್ಟೆಲ್ಲ ನಡೆಯುವಾಗಲೂ ಹಳ್ಳಿಯ ಮಟ್ಟಿಗೆ ಸರ್ಕಾರವೆಂದರೆ ಇಬ್ಬರೇ: ಪಟೇಲ ಮತ್ತು ಶ್ಯಾನುಭೋಗ. ಒಬ್ಬನ ಕೈಯಲ್ಲಿ ದಂಡ, ಇನ್ನೊಬ್ಬನ ಕೈಯಲ್ಲಿ ಲೇಖನಿ. ಇವರ ಕೆಳಗೆ ತಳವಾರ, ತೋಟಿ, ನೀರಗಂಟಿ. 1908ರ ಮೈಸೂರು ಗ್ರಾಮಾಧಿಕಾರಗಳ ಕಾನೂನು ಈ ಉದ್ಯೋಗಗಳ ವಂಶಪಾರಂಪರ್ಯವನ್ನು ಲಿಖಿತ ಕಟ್ಟಳೆಯೊಳಗೆ ತಂದಿತು. ತಂದೆ ಶ್ಯಾನುಭೋಗನಾದರೆ ಮಗನು ಶ್ಯಾನುಭೋಗ. ಅವನಿಗೆ ಕೂಡಿಸಿ ಕಳೆಯಲು ಬರುತ್ತದೆಯೇ ಎಂಬುದು ಎರಡನೆಯ ಮಾತು.

ಈ ನಾಡಿನ ಆರ್ಥಿಕತೆಯಲ್ಲಿ ಹೊರಗಿನವರ ಕಣ್ಣಿಗೆ ಬೀಳದ ಒಂದು ಸಂಗತಿಯಿದೆ. ತೆಂಗಿನ ಸಸಿ ನೆಟ್ಟವನು ಫಲಕ್ಕಾಗಿ ಹಲವು ವರ್ಷ ಕಾಯಬೇಕು. ಕಾಯಿ ಕಿತ್ತ ಮೇಲೂ ಉಂಡೆ ಕೊಬ್ಬರಿಯಾಗಬೇಕಾದರೆ ಅದು ಅಟ್ಟದ ಮೇಲೆ ಹೆಚ್ಚುಕಡಮೆ ಒಂದು ವರ್ಷ ಕೂರಬೇಕು. ಕಾಯಬಲ್ಲವನಿಗೆ ಮಾತ್ರ ತಿಪಟೂರಿನ ಮಂಡಿಯ ಪೂರ್ಣ ಬೆಲೆ. ಕಾಯಲಾರದವನು ಮರದ ಮೇಲಿನ ಕಾಯನ್ನೇ ಮುಂಗಡಕ್ಕೆ ಒಪ್ಪಿಸುತ್ತಾನೆ. ಸರ್ಕಾರದ ಕಂದಾಯವಂತೂ ಕಾಯುವುದಿಲ್ಲ. ಹೀಗಾಗಿ ಇಲ್ಲಿ ಸಿರಿವಂತಿಕೆಗೂ ಬಡತನಕ್ಕೂ ನಡುವಣ ಗೆರೆಯನ್ನು ಎಕರೆಗಳಲ್ಲಿ ಅಳೆದರೆ ಸಾಲದು, ತಿಂಗಳುಗಳಲ್ಲಿಯೂ ಅಳೆಯಬೇಕಾಗುತ್ತದೆ. ಇಂಥ ಅಧಿಕಾರಕ್ಕೆ ಕೋಟೆ ಬೇಡ, ಕತ್ತಿ ಬೇಡ; ಒಂದು ಅಡವು ಪತ್ರ, ಒಂದು ವಾಯಿದೆ, ಒಂದು ಸಹಿ ಸಾಕು. ಐತಿಹಾಸಿಕ ಕಾದಂಬರಿಯ ರೂಢಿಯ ಸಲಕರಣೆಗಳಿಂದ ಇದನ್ನು ಚಿತ್ರಿಸುವುದಾದರೂ ಹೇಗೆ?

ಈ ಪ್ರಶ್ನೆಗೆ ಕನ್ನಡದಲ್ಲಿ ದೊರೆತ ಉತ್ತರಗಳಲ್ಲಿ ಗಟ್ಟಿಯಾದುದು ಈ ನೆಲದಿಂದಲೇ ಬಂದಿತು. ಎಸ್.ಎಲ್. ಭೈರಪ್ಪನವರು 1931ರಲ್ಲಿ ಹುಟ್ಟಿದ್ದು ತಿಪಟೂರಿನ ನೆರೆಯ ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರದಲ್ಲಿ. ಬಾಲ್ಯದಲ್ಲಿಯೇ ತಾಯಿಯನ್ನೂ ಒಡಹುಟ್ಟಿದವರನ್ನೂ ಕಳೆದುಕೊಂಡವರು. 1970ರಲ್ಲಿ ಪ್ರಕಟವಾದ ಅವರ ‘ಗೃಹಭಂಗ’ದ ಕಥೆ ತಿಪಟೂರು ತಾಲ್ಲೂಕಿನ ರಾಮಸಂದ್ರವೆಂಬ ಹಳ್ಳಿಯಲ್ಲಿ ಇಪ್ಪತ್ತರ ದಶಕದಿಂದ ನಲವತ್ತರ ದಶಕದವರೆಗೆ ಹಬ್ಬಿದೆ. ಇದನ್ನು ಐತಿಹಾಸಿಕ ಕಾದಂಬರಿಯೆಂದು ಕರೆಯುವ ವಾಡಿಕೆಯಿಲ್ಲ. ಆದರೆ ಗ್ರಂಥ ಹೊರಬರುವ ವೇಳೆಗೆ ಅದರಲ್ಲಿ ಚಿತ್ರಿತವಾದ ವ್ಯವಸ್ಥೆಯೇ ಕಣ್ಮರೆಯಾಗಿತ್ತು. 1961ರ ಗ್ರಾಮಾಧಿಕಾರ ರದ್ದಿಯಾತಿ ಕಾನೂನು 1963ರ ಫೆಬ್ರವರಿಯಲ್ಲಿ ಜಾರಿಗೆ ಬಂದು ಪಟೇಲಿಕೆ, ಶ್ಯಾನುಭೋಗಿಕೆಗಳ ವಂಶಪಾರಂಪರ್ಯ ಕೊನೆಗೊಂಡಿತ್ತು. ಮುಗಿದುಹೋದ ಒಂದು ಆಡಳಿತದ ಒಳಗನ್ನು ಬಲ್ಲವನೊಬ್ಬನು ಅದರ ನೆನಪು ಆರುವ ಮುನ್ನ ಬರೆದಿಟ್ಟ ಕೃತಿಯನ್ನು ಚರಿತ್ರೆಯ ಕಾದಂಬರಿ ಎನ್ನದೆ ಬೇರೇನೆನ್ನಬೇಕು?

ಕಥೆ ಬಹುಮಂದಿಗೆ ತಿಳಿದದ್ದೇ. ಶ್ಯಾನುಭೋಗ ರಾಮಣ್ಣನವರು ತೀರಿಹೋದ ಮೇಲೆ ಗಂಗಮ್ಮ ಇಬ್ಬರು ಗಂಡುಮಕ್ಕಳೊಡನೆ ಉಳಿಯುತ್ತಾಳೆ. ಹಿರಿಯನಾದ ಚೆನ್ನಿಗರಾಯನಿಗೆ ಶ್ಯಾನುಭೋಗಿಕೆ ಬರುತ್ತದೆ, ಲೆಕ್ಕ ಬರುವುದಿಲ್ಲ. ಅವನ ಕೈಹಿಡಿದು ಬಂದ ನಂಜಮ್ಮ, ಕಂಠೀಜೋಯಿಸರ ಮಗಳು, ಬೇರೆ ಊರಿನ ಶ್ಯಾನುಭೋಗರೊಬ್ಬರ ಮಾರ್ಗದರ್ಶನದಲ್ಲಿ ಲೆಕ್ಕದ ಮರ್ಮವನ್ನು ಕಲಿತು ಗಂಡನ ಪುಸ್ತಕಗಳನ್ನು ತಾನೇ ಬರೆಯತೊಡಗುತ್ತಾಳೆ. ಅತ್ತೆಯ ಹಟ, ಗಂಡನ ಹೊಟ್ಟೆಬಾಕತನ, ಸಾಲಕ್ಕೆ ಹೋದ ಹೊಲಗದ್ದೆಗಳು, ಬರ, ಕೊನೆಗೆ ಪ್ಲೇಗು. ಮುತ್ತುಗದ ಎಲೆ ಹಚ್ಚಿ ಮಾರಿ ಮಕ್ಕಳನ್ನು ಸಾಕಿದ ತಾಯಿ ಮದುವೆಯಾದ ಮಗಳನ್ನೂ ಓದುವ ಮಗನನ್ನೂ ಪ್ಲೇಗಿಗೆ ಒಪ್ಪಿಸಿ, ತಾನೂ ಅದೇ ದಾರಿ ಹಿಡಿಯುತ್ತಾಳೆ. ಉಳಿದವನು ವಿಶ್ವನೊಬ್ಬನೇ; ಅವನ ಕೈಹಿಡಿಯುವವರು ಭಿಕ್ಷೆಯಿಂದ ಬದುಕುವ ಮಹಾದೇವಯ್ಯನವರು.

ಈ ಕೃತಿಯನ್ನು ವಿಧಿಯ ಕ್ರೌರ್ಯದ ಕಥೆಯೆಂದು ಓದಿ ಕಣ್ಣೀರು ಮಿಡಿದವರೇ ಹೆಚ್ಚು. ಆ ಓದು ತಪ್ಪಲ್ಲ, ಆದರೆ ಅರೆಯಾದುದು. ಕಾದಂಬರಿಯ ಪುಟಪುಟದಲ್ಲಿಯೂ ಕೆಲಸ ಮಾಡುತ್ತಿರುವುದು ವಿಧಿಯಲ್ಲ, ಒಂದು ವ್ಯವಸ್ಥೆ. ಲೆಕ್ಕದ ಪುಸ್ತಕ, ವಸೂಲಿ, ಇರಸಾಲು, ವರ್ಷಕ್ಕೊಮ್ಮೆ ಬರುವ ಜಮಾಬಂದಿ, ಆಮೇಲೆ ಕೈಗೆ ಬರುವ ಅಲ್ಪವಾದ ಪೋಟಿಗೆಯ ಹಣ ಇವುಗಳ ಸುತ್ತ ಒಂದು ಕುಟುಂಬದ ಊಟವೂ ಉಪವಾಸವೂ ನಿರ್ಧಾರವಾಗುತ್ತವೆ. ಜಮೀನು ಕೈತಪ್ಪುವ ರೀತಿಯನ್ನು ಗಮನಿಸಬೇಕು. ಯಾವ ಖಳನಾಯಕನೂ ಕತ್ತಿ ಹಿರಿಯುವುದಿಲ್ಲ. ಸಾಲದ ಪತ್ರವಾಗುತ್ತದೆ, ಬಡ್ಡಿ ಬೆಳೆಯುತ್ತದೆ, ವಾಯಿದೆ ಮೀರುತ್ತದೆ, ಹೊಲ ಹೋಗುತ್ತದೆ. ಎಲ್ಲವೂ ಕಾನೂನಿನಂತೆಯೇ. ಊರಿನ ಲೆಕ್ಕವನ್ನೆಲ್ಲ ಬರೆಯುವ ಮನೆಯವರೇ ತಮ್ಮ ಮನೆಯ ಲೆಕ್ಕದಲ್ಲಿ ಸೋಲುತ್ತಾರೆ ಎಂಬ ವ್ಯಂಗ್ಯವನ್ನು ಲೇಖಕರು ಎಲ್ಲಿಯೂ ಎತ್ತಿ ಹೇಳುವುದಿಲ್ಲ.

ಇದು ಕಲ್ಪನೆಯ ಅತಿಶಯವಲ್ಲವೆಂಬುದಕ್ಕೆ ಸಂಸ್ಥಾನದ ಶಾಸನಗಳೇ ಸಾಕ್ಷಿ. ರೈತರ ಋಣದ ಹೊರೆ ಎಷ್ಟು ಹೆಚ್ಚಿತ್ತೆಂದರೆ 1928ರಲ್ಲಿ ಮೈಸೂರು ಸರ್ಕಾರವು ಬೇಸಾಯಗಾರರ ಪರಿಹಾರಕ್ಕಾಗಿಯೇ ಒಂದು ಕಾನೂನನ್ನು ತರಬೇಕಾಯಿತು. ಅದರ ಮರುವರ್ಷವೇ ಲೋಕಾದ್ಯಂತ ಆರ್ಥಿಕ ಕುಸಿತ ಆರಂಭವಾಗಿ ಬೆಳೆಗಳ ಬೆಲೆ ನೆಲಕಚ್ಚಿತು. ಕಂದಾಯ ಮಾತ್ರ ರೂಪಾಯಿಯಲ್ಲಿಯೇ ಇತ್ತು. ಪ್ಲೇಗಿನ ಕಥೆಯೂ ಹೀಗೆಯೇ. 1898ರಲ್ಲಿ ಬೆಂಗಳೂರಿಗೆ ಬಂದ ಆ ಮಾರಿ ಸಂಸ್ಥಾನದ ಹಳ್ಳಿಗಳನ್ನು ದಶಕಗಳ ಕಾಲ ಬಿಡಲಿಲ್ಲ. ಕೊಬ್ಬರಿಯನ್ನು ದೂರದ ಪೇಟೆಗಳಿಗೆ ಒಯ್ದು ತಿಪಟೂರನ್ನು ಬೆಳೆಸಿದ ರೈಲು, ಧಾನ್ಯದ ಮೂಟೆಗಳೊಡನೆ ಇಲಿಗಳನ್ನೂ ತಂದಿತು. ಇಲಿ ಬಿದ್ದೊಡನೆ ಊರು ಬಿಟ್ಟು ಬಯಲಿನಲ್ಲಿ ಗುಡಿಸಲು ಹಾಕಿಕೊಳ್ಳಬೇಕು. ಅದಕ್ಕೆ ಗಳ, ಸೋಗೆ, ಕೂಲಿ ಬೇಕು. ರೋಗ ಎಲ್ಲರಿಗೂ ಒಂದೇ ಎಂಬ ಮಾತು ಬಯಲಿಗೆ ಹೋಗಲು ಗಾಡಿಯಿಲ್ಲದವನ ಮುಂದೆ ನಿಲ್ಲುವುದಿಲ್ಲ.

ಇನ್ನು ಗಮನ ಸೆಳೆಯುವುದು ‘ಗೃಹಭಂಗ’ದಲ್ಲಿ ಇಲ್ಲದಿರುವುದು. ಕಥೆ ನಡೆಯುವ ಕಾಲ ಮೈಸೂರು ಸಂಸ್ಥಾನದ ರಾಜಕೀಯವು ಕುದಿಯುತ್ತಿದ್ದ ಕಾಲ. 1917ರ ಪ್ರಜಾಮಿತ್ರ ಮಂಡಳಿಯಿಂದ ಆರಂಭವಾದ ಬ್ರಾಹ್ಮಣೇತರ ಚಳವಳಿ, 1918ರಲ್ಲಿ ನೇಮಕವಾದ ಮಿಲ್ಲರ್ ಸಮಿತಿ, 1938ರ ಶಿವಪುರದ ಧ್ವಜ ಸತ್ಯಾಗ್ರಹ, ಅದೇ ತಿಂಗಳ ವಿದುರಾಶ್ವತ್ಥದ ಗೋಲಿಬಾರು, 1942ರ ಈಸೂರು ಎಲ್ಲವೂ ಈ ಅವಧಿಯಲ್ಲಿಯೇ. ರಾಮಸಂದ್ರದ ಬದುಕಿನ ಕೇಂದ್ರಕ್ಕೆ ಇವು ಯಾವುವೂ ಬರುವುದಿಲ್ಲ. ಇದನ್ನು ಲೇಖಕರ ರಾಜಕೀಯ ಉದಾಸೀನವೆಂದು ಆಕ್ಷೇಪಿಸುವುದು ಸುಲಭ. ಆದರೆ 1917ರಿಂದ 1955ರವರೆಗಿನ ಮೈಸೂರು ರಾಜಕೀಯದ ಬಗ್ಗೆ ವಿಸ್ತಾರವಾಗಿ ಅಧ್ಯಯನ ಮಾಡಿದ ಜೇಮ್ಸ್ ಮೇನರ್ ಎಂಬ ಇತಿಹಾಸಕಾರರು ಹೇಳುವುದೂ ಇದಕ್ಕೆ ಹತ್ತಿರವಾದುದೇ: ರಾಜಧಾನಿಯ ರಾಜಕೀಯಕ್ಕೂ ಹಳ್ಳಿಯ ಅಧಿಕಾರಕ್ಕೂ ಬೆಸುಗೆ ತೀರ ದುರ್ಬಲವಾಗಿತ್ತು, ಹಳ್ಳಿಯನ್ನು ಹಿಡಿದವರು ಹಿಡಿದೇ ಇದ್ದರು. ಬೆಂಗಳೂರಿನಲ್ಲಿ ಬ್ರಾಹ್ಮಣ ಮತ್ತು ಬ್ರಾಹ್ಮಣೇತರ ಎಂಬ ಚರ್ಚೆ ನಡೆಯುವಾಗ ಹಳ್ಳಿಯಲ್ಲಿ ಬ್ರಾಹ್ಮಣ ಶ್ಯಾನುಭೋಗನೂ ಗೌಡ ಪಟೇಲನೂ ಒಂದೇ ಬಂಡಿಯ ಎರಡು ಗಾಲಿಗಳಾಗಿ, ಒಮ್ಮೊಮ್ಮೆ ಕಿರುಗುಟ್ಟುತ್ತ, ಕಂದಾಯದ ಹೊರೆಯನ್ನು ಎಳೆಯುತ್ತಿದ್ದರು. ಬಂಡಿಯ ಕೆಳಗೆ ಯಾರಿದ್ದರೆಂಬುದು ಮುಂದಿನ ಮಾತು.

ಇದಕ್ಕೆ ನೇರ ಪ್ರತಿಯಾಗಿ ನಿಲ್ಲುವ ಕನ್ನಡ ಕಾದಂಬರಿಯೊಂದಿದೆ. ನಿರಂಜನರ ‘ಚಿರಸ್ಮರಣೆ’ ಪ್ರಕಟವಾದುದು 1955ರಲ್ಲಿ. ಅಂದಿನ ಮದರಾಸು ಪ್ರಾಂತದ ಕಾಸರಗೋಡು ತಾಲ್ಲೂಕಿಗೆ ಸೇರಿದ್ದ ಕಯ್ಯೂರಿನಲ್ಲಿ 1941ರ ಮಾರ್ಚಿ ತಿಂಗಳಿನಲ್ಲಿ ರೈತರ ಮೆರವಣಿಗೆಯೊಂದು ನಡೆದು, ಅದಕ್ಕೆ ಸಿಕ್ಕಿಬಿದ್ದ ಪೊಲೀಸಿನವನೊಬ್ಬನು ಹೊಳೆಯಲ್ಲಿ ಸತ್ತನು. ಮೊಕದ್ದಮೆಯಾಗಿ 1943ರ ಮಾರ್ಚಿ 29ರಂದು ಮಠತ್ತಿಲ್ ಅಪ್ಪು, ಕೋಯಿತ್ತಾಟಿಲ್ ಚಿರುಕಂಡನ್, ಪೊಡೋರ ಕುಞಂಬು ನಾಯರ್, ಪಳ್ಳಿಕ್ಕಲ್ ಅಬೂಬಕ್ಕರ್ ಎಂಬ ನಾಲ್ವರನ್ನು ಕಣ್ಣೂರು ಸೆರೆಮನೆಯಲ್ಲಿ ಗಲ್ಲಿಗೇರಿಸಲಾಯಿತು. ನೀಲೇಶ್ವರದಲ್ಲಿ ವಿದ್ಯಾರ್ಥಿಯಾಗಿದ್ದ ನಿರಂಜನರಿಗೆ ಆ ನೆಲವೂ ಜನವೂ ಪರಿಚಿತ. ಕಮ್ಯುನಿಸ್ಟರಾಗಿದ್ದ ಅವರು ತಮ್ಮ ಪಕ್ಷಪಾತವನ್ನು ಮುಚ್ಚಿಡಲಿಲ್ಲ. ‘ಚಿರಸ್ಮರಣೆ’ಯಲ್ಲಿ ಜಮೀನ್ದಾರರಾದ ನಂಬಿಯಾರರು ಮತ್ತು ನಂಬೂದಿರಿಗಳು ಒಂದು ಕಡೆ, ಗೇಣಿದಾರರು ಇನ್ನೊಂದು ಕಡೆ, ನಡುವೆ ಅಪ್ಪು, ಚಿರುಕಂಡರೆಂಬ ಹುಡುಗರಿಗೆ ಅಕ್ಷರದೊಡನೆ ಸಂಘಟನೆಯನ್ನೂ ಕಲಿಸುವ ಮಾಸ್ತರರು. ಶೋಷಣೆಗೆ ಮುಖವಿದೆ, ಹೆಸರಿದೆ, ಮನೆಯಿದೆ.

ವಿಮರ್ಶೆಯಲ್ಲಿ ‘ಚಿರಸ್ಮರಣೆ’ಯನ್ನು ಸಿದ್ಧಾಂತದ ಕಾದಂಬರಿಯೆಂದೂ ‘ಗೃಹಭಂಗ’ವನ್ನು ಸಿದ್ಧಾಂತಕ್ಕೆ ಹೊರಗಾದುದೆಂದೂ ವಿಂಗಡಿಸುವ ವಾಡಿಕೆ ಬೆಳೆದಿದೆ. ಈ ವಿಂಗಡಣೆ ಲೇಖಕರ ಮನೋಧರ್ಮವನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಂಡು ನೆಲದ ವ್ಯತ್ಯಾಸವನ್ನು ಮರೆಯುತ್ತದೆ. ಕಯ್ಯೂರಿನಲ್ಲಿ ಭೂಮಿಯ ಒಡೆತನ ಕೆಲವೇ ಮನೆತನಗಳ ಕೈಯಲ್ಲಿತ್ತು. ಗೇಣಿಯನ್ನು ಅಳೆದು ಕೊಡುವ ದಿನ ರೈತನಿಗೆ ತನ್ನ ಬೆವರು ಯಾರ ಕಣಜ ಸೇರುತ್ತಿದೆಯೆಂಬುದು ಕಣ್ಣಿಗೆ ಕಾಣುತ್ತಿತ್ತು. ಹಳೆಯ ಮೈಸೂರಿನದು ರೈತವಾರಿ ಪದ್ಧತಿ. ತಿಪಟೂರಿನ ಸೀಮೆಯಲ್ಲಿ ಬಹುಮಂದಿ ತಮ್ಮ ತಮ್ಮ ಸಣ್ಣ ಹಿಡುವಳಿಗಳ ಖಾತೆದಾರರು. ಸರ್ಕಾರಕ್ಕೆ ನೇರವಾಗಿ ಕಂದಾಯ ಕಟ್ಟುವವರು. ಇಲ್ಲಿ ಯಜಮಾನಿಕೆಯು ಗೇಣಿಯ ರೂಪದಲ್ಲಿ ಬರುವುದಕ್ಕಿಂತ ಹೆಚ್ಚಾಗಿ ಬಡ್ಡಿಯ, ದಾಖಲೆಯ, ಜಾತಿಯ, ನೀರಿನ ಸರದಿಯ ರೂಪದಲ್ಲಿ ಬಂದಿತು. ಸಾಲ ಕೊಟ್ಟವನೂ ಒಕ್ಕಲಿಗ, ಪಡೆದವನೂ ಒಕ್ಕಲಿಗ. ಇಬ್ಬರೂ ಒಂದೇ ಜಾತ್ರೆಯಲ್ಲಿ ತೇರು ಎಳೆದವರು. ಯಾರ ವಿರುದ್ಧ ಮೆರವಣಿಗೆ ಹೊರಡಬೇಕು? ಕಯ್ಯೂರಿನ ಕಥೆ ಮೆರವಣಿಗೆಯಾಗಿಯೂ ತಿಪಟೂರಿನ ಕಥೆ ಒಂದು ಮನೆಯ ಕುಸಿತವಾಗಿಯೂ ಮೂಡಿದ್ದರಲ್ಲಿ ಲೇಖಕರ ನಂಬಿಕೆಗಳ ಪಾತ್ರವಿರುವಷ್ಟೇ ಆಯಾ ಸೀಮೆಯ ಭೂಹಿಡುವಳಿಯ ಪಾತ್ರವೂ ಇದೆ.

ಭೈರಪ್ಪನವರು ಸಾಹಿತ್ಯವು ಯಾವ ಸಿದ್ಧಾಂತದ ವಾಹನವೂ ಆಗಬಾರದೆಂದು ಬಾಳಿನುದ್ದಕ್ಕೂ ವಾದಿಸಿದರು. ಅವರದೇ 2007ರ ‘ಆವರಣ’ವನ್ನು ಈ ಮಾತಿನ ಪಕ್ಕದಲ್ಲಿಟ್ಟು ನೋಡಿದರೆ ಕುತೂಹಲ ಹುಟ್ಟುತ್ತದೆ. ಅಲ್ಲಿ ಮಧ್ಯಯುಗದ ಚರಿತ್ರೆಯನ್ನು ಕುರಿತ ಪಾತ್ರಗಳ ವಾದವೇ ಕಥೆಯ ಬೆನ್ನೆಲುಬು, ಕಾದಂಬರಿಯೊಳಗೊಂದು ಕಾದಂಬರಿ, ಆಕರಗ್ರಂಥಗಳ ಪಟ್ಟಿಯೂ ಕಥೆಯೊಳಗೆ ಸೇರಿದೆ. ಒಂದು ಪಕ್ಷ ಅದನ್ನು ಸತ್ಯದ ಅನಾವರಣವೆಂದು ಕೊಂಡಾಡಿತು, ಇನ್ನೊಂದು ಪಕ್ಷ ದ್ವೇಷದ ಪ್ರಚಾರವೆಂದು ಖಂಡಿಸಿತು. ಆಶಯದಲ್ಲಿ ‘ಚಿರಸ್ಮರಣೆ’ಯೂ ‘ಆವರಣ’ವೂ ಎರಡು ಧ್ರುವಗಳು. ವಿಧಾನದಲ್ಲಿ ಅವು ದಾಯಾದಿಗಳು: ಎರಡರಲ್ಲಿಯೂ ಲೇಖಕನಿಗೆ ಉತ್ತರ ಮೊದಲೇ ತಿಳಿದಿದೆ, ಪಾತ್ರಗಳು ಅದನ್ನು ಒಂದೊಂದಾಗಿ ಕಂಡುಕೊಳ್ಳುತ್ತಾರೆ. ಆದರೆ ನಿರಂಜನರ ಹುಡುಗರಿಗೆ ಹಸಿವಿದೆ, ಗದ್ದೆಯಿದೆ, ಹೊಳೆಯಿದೆ, ಆದ್ದರಿಂದ ಅವರು ಬದುಕುತ್ತಾರೆ. ‘ಆವರಣ’ದ ಪ್ರೊಫೆಸರ್ ಶಾಸ್ತ್ರಿಗಳು ಎದುರಾಳಿಯ ವಾದಕ್ಕೆ ಬಾಯಿಯಾಗಿ ಬಂದವರು, ಅವರಿಗೆ ಮಾತು ಬಿಟ್ಟರೆ ಬೇರೆ ಶರೀರವಿಲ್ಲ. ನಂಜಮ್ಮನನ್ನು ಸೃಷ್ಟಿಸಿದ ಲೇಖನಿಗೆ ಇದು ತಕ್ಕುದಲ್ಲವೆಂದು ಹೇಳುವುದು ಅನ್ಯಾಯವಾಗಲಾರದು.

ಇಷ್ಟು ಹೇಳಿದ ಮೇಲೆ ‘ಗೃಹಭಂಗ’ಕ್ಕೂ ಒಂದು ಪ್ರಶ್ನೆ ಬಾಕಿಯಿದೆ. ಅದು ಶ್ಯಾನುಭೋಗರ ಮನೆಯ ಒಳಗಿನಿಂದ ಕಂಡ ಹಳ್ಳಿ. ಮನೆ ಬಡವಾದುದು ನಿಜ, ಹಸಿವೂ ನಿಜ. ಆದರೆ ಆ ಮನೆಯ ಕೈಯಲ್ಲಿ ಪುಸ್ತಕವಿತ್ತು. ಪಹಣಿಯಲ್ಲಿ ಯಾರ ಹೆಸರು ಬರೆಯಬೇಕು, ಬಾಕಿಯನ್ನು ಯಾರ ತಲೆಗೆ ಹಚ್ಚಬೇಕು ಎಂಬುದು ಆ ಲೇಖನಿಯ ತುದಿಯಲ್ಲಿತ್ತು. ಓದುಬರಹ ಬಾರದ ಸೀಮೆಯಲ್ಲಿ ಇದು ಸಾಮಾನ್ಯ ಬಲವಲ್ಲ. ನಂಜಮ್ಮ ಆ ಬಲವನ್ನು ಪ್ರಾಮಾಣಿಕವಾಗಿ ಬಳಸಿದಳು. ಬಳಸದವರ ಊರುಗಳಲ್ಲಿ ಏನಾಯಿತೆಂಬುದನ್ನು ಊರ ಹೊರಗಿನ ಕೇರಿಯವರು ಹೇಳಬೇಕು. ಅವರು ಈ ಕಾದಂಬರಿಯಲ್ಲಿ ಬಾಗಿಲ ಹೊರಗೆ ನಿಂತು ಮಾತಾಡಿ ಹಿಂತಿರುಗುವವರು. ಇರಸಾಲಿನ ಹಣದ ಜೊತೆಯಲ್ಲಿ ತಾಲ್ಲೂಕು ಕಛೇರಿಯವರೆಗೆ ನಡೆದ ತಳವಾರನಿಗೂ ತೋಟಿಗೂ ಮನೆಗಳಿದ್ದವು, ಆ ಮನೆಗಳಿಗೂ ಪ್ಲೇಗು ಬಂದಿತು. ಆ ಗೃಹಭಂಗಗಳನ್ನು ಬರೆಯುವ ಅಕ್ಷರ ಆ ಮನೆಗಳನ್ನು ತಲುಪಿರಲಿಲ್ಲ.

ಇದು ಅಸಾಧ್ಯವಾದ ನಿರೀಕ್ಷೆಯಲ್ಲ. ಕುವೆಂಪು ಅವರು 1967ರಲ್ಲಿ ಪ್ರಕಟಿಸಿದ ‘ಮಲೆಗಳಲ್ಲಿ ಮದುಮಗಳು’ ಹತ್ತೊಂಬತ್ತನೆಯ ಶತಮಾನದ ಕೊನೆಯ ಮಲೆನಾಡಿನ ಕಥೆ. ಅದರ ಆರಂಭದಲ್ಲಿಯೇ ವಾಚಕರ ಮುಂದೆ ಬರುವವನು ಜೀತದಾಳು ನಾಯಿಗುತ್ತಿ. ಗೌಡರ, ಹೆಗ್ಗಡೆಯವರ ಮನೆಗಳನ್ನು ಓದುಗನು ಅವನ ಕಣ್ಣಿನಿಂದಲೂ ನೋಡುತ್ತಾನೆ. ಬೆಟ್ಟಳ್ಳಿಯಿಂದ ತಿಮ್ಮಿಯನ್ನು ಕರೆದುಕೊಂಡು ಗುತ್ತಿ ಓಡಿಹೋದಾಗ ಒಂದು ಹೆಣ್ಣಿನ ಜೊತೆಗೆ ಒಂದು ಆಸ್ತಿಯೂ ಓಡಿಹೋಯಿತೆಂದು ಒಡೆಯರು ಭಾವಿಸುತ್ತಾರೆ. ಒಡೆತನವೆಂದರೇನು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ವ್ಯಾಖ್ಯಾನ ಅರ್ಥಶಾಸ್ತ್ರದ ಗ್ರಂಥಗಳಲ್ಲಿಯೂ ವಿರಳ. ಕುವೆಂಪು ಅವರೂ ಗೌಡರ ಮನೆಯಲ್ಲಿಯೇ ಹುಟ್ಟಿದವರು. ಹುಟ್ಟಿದ ಮನೆಯ ಹೊಸ್ತಿಲನ್ನು ದಾಟಿ ನೋಡುವುದು ಲೇಖಕನಿಗೆ ಕಷ್ಟ, ಆದರೆ ಆಗದ ಕೆಲಸವ‌ಲ್ಲ. ಭೈರಪ್ಪನವರೇ ಮೂರು ವರ್ಷಗಳ ಅನಂತರ ‘ದಾಟು’ವಿನಲ್ಲಿ ಹೊಲಗೇರಿಯ ಸಿಟ್ಟಿಗೆ ಮಾತು ಕೊಟ್ಟರು, ಕೊನೆಯಲ್ಲಿ ಮೋಹನದಾಸನು ಕೆರೆಯ ಏರಿಯನ್ನೇ ಸಿಡಿಸುತ್ತಾನೆ. ಕೆರೆಯನ್ನು ನಂಬಿದ ಸೀಮೆಯ ವಾಚಕನಿಗೆ ಆ ಸ್ಫೋಟದ ಅರ್ಥವನ್ನು ಯಾರೂ ವಿವರಿಸಬೇಕಾಗಿಲ್ಲ. ನೀರಿನ ಸರದಿಯಲ್ಲಿ ಯಾರು ಮೊದಲು, ಯಾರಿಗೆ ಸರದಿಯೇ ಇಲ್ಲ ಎಂಬುದು ತೂಬಿನ ಬಳಿ ನಿಂತವರಿಗೆಲ್ಲ ಗೊತ್ತು.

1963ರಲ್ಲಿ ಶ್ಯಾನುಭೋಗಿಕೆ ಹೋಗಿ ಸರ್ಕಾರದ ಸಂಬಳ ಪಡೆಯುವ ಗ್ರಾಮಲೆಕ್ಕಿಗರು ಬಂದರು. ದೇವರಾಜ ಅರಸರ ಕಾಲದಲ್ಲಿ, 1974ರ ತಿದ್ದುಪಡಿಯೊಡನೆ, ಭೂಸುಧಾರಣೆಯ ಕಾನೂನು ಬಲಗೊಂಡಿತು. ಗೇಣಿದಾರರು ಹೆಚ್ಚಾಗಿದ್ದ ಕರಾವಳಿಯಲ್ಲಿ ಅದು ಮನೆಮನೆಯ ಬಾಳನ್ನು ಬದಲಿಸಿತು. ಖಾತೆದಾರರ ನಾಡಾದ ತಿಪಟೂರಿನ ಕಡೆ ಅದರ ಸದ್ದು ಅಷ್ಟಾಗಿ ಕೇಳಲಿಲ್ಲ. ಪಟೇಲರ ಮನೆಗಳಲ್ಲಿ ಕೆಲವು ರಾಜಕಾರಣಕ್ಕೆ ಬಂದವು, ಶ್ಯಾನುಭೋಗರ ಮಕ್ಕಳು ಬಹುಮಂದಿ ಓದಿ ಪಟ್ಟಣ ಸೇರಿದರು. ಭೈರಪ್ಪನವರು 2025ರ ಸೆಪ್ಟೆಂಬರಿನಲ್ಲಿ ತೀರಿಕೊಂಡರು. ಗಿರೀಶ ಕಾಸರವಳ್ಳಿಯವರು ಕಿರುತೆರೆಯ ಧಾರಾವಾಹಿಯಾಗಿ ತಂದ ‘ಗೃಹಭಂಗ’ವನ್ನು ನೋಡಿದ ತಲೆಮಾರಿಗೆ ಜಮಾಬಂದಿ, ಪೋಟಿಗೆ, ಇರಸಾಲುಗಳೆಂಬ ಪದಗಳು ಆ ಕಥೆಯ ಮೂಲಕವೇ ಪರಿಚಯವಾದವು.

ರಾಮಸಂದ್ರದಂಥ ನೂರಾರು ಊರುಗಳ ಹಳೆಯ ಲೆಕ್ಕದ ಪುಸ್ತಕಗಳಲ್ಲಿ ಕಂದಾಯದ ಮೊತ್ತಗಳಿವೆ, ಸರ್ವೆ ನಂಬರುಗಳಿವೆ, ಕೆಳಗೆ ಶ್ಯಾನುಭೋಗರ ಸಹಿಯಿದೆ. ಒಳಗಿನ ಅಂಕಿಗಳನ್ನು ರಾತ್ರಿ ಸೀಮೆಎಣ್ಣೆ ಬುಡ್ಡಿಯ ಬೆಳಕಿನಲ್ಲಿ ಬರೆದ ಕೈ ಯಾರದೆಂಬುದನ್ನು ಆ ಸಹಿ ಹೇಳುವುದಿಲ್ಲ.